ಒಂಬತ್ತನೇ ಚಿತ್ರದ ದನಿ

ನಮ್ಮ ಸಂಡೇ ಸ್ಕೂಲ್ ನಡೆಯುವುದು ಶುಕ್ರವಾರ. ಬಹ್ರೈನಿನಲ್ಲಿ ರಜೆ ಅಂದೇ ಇರುವುದರಿಂದ ಹಾಗೆ. ಮೂರನೇ ಕ್ಲಾಸಿನ ಮಕ್ಕಳಿಗೆ ಅಲ್ಲಿ ಗೋಡೆಯ ಮೇಲೆ ತೋರಿಸುವ ಒಂದು ಪಾಠದಲ್ಲಿ ಹನ್ನೆರಡು ಚಿತ್ರಗಳಿವೆ. ಎಲ್ಲಕ್ಕೂ ದನಿಯಿದೆ, ಒಂಬತ್ತನೆಯದಕ್ಕೆ ಮಾತ್ರ ಇಲ್ಲ. ಹೊಸದಾಗಿ ಸೇರಿದ ಟೀಚರುಗಳು ಸ್ಪೀಕರಿನ ವಯರನ್ನು ಅಲುಗಾಡಿಸಿ ನೋಡಿ, "ಅಕ್ಕ, ಇಲ್ಲಿ ಸೌಂಡ್ ಹೋಗಿದೆ" ಎನ್ನುತ್ತಾರೆ. ಹೋಗಿದೆ ಎಂದಷ್ಟೇ ನಾನು ಹೇಳುತ್ತೇನೆ. ಅದು ತಾನಾಗಿ ಹೋದದ್ದಲ್ಲ, ನಾನೇ ಕಳೆದದ್ದು.

ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಕನ್ನಡ ಏನಿದ್ದರೂ ಶುಕ್ರವಾರದ ಒಂದೂವರೆ ಗಂಟೆಗೆ. ನಾನು ಪುಸ್ತಕ ಹಿಡಿದು ಓದಿದರೆ ಬಾಯಿ ಮುಚ್ಚಿಕೊಳ್ಳದೆ ಆಕಳಿಸುತ್ತಿದ್ದರು. ಅದಕ್ಕೇ ಕಥೆಗಳಿಗೆ ಚಿತ್ರ ಬರೆಸಿ, ಚರ್ಚಿನ ಸಭೆಯವರಿಂದಲೇ ದನಿ ಕೊಡಿಸಿ, ಲ್ಯಾಪ್‌ಟಾಪಿನಲ್ಲಿ ಜೋಡಿಸಿ ಪಾಠ ಮಾಡಲು ಶುರುಮಾಡಿದೆ. ಕಳ್ಳನಿಗೆ, ಕುಂಟನಿಗೆ, ದೋಣಿಯವನಿಗೆ ದನಿ ಕೊಡಲು ನಾ ಮುಂದು ತಾ ಮುಂದು ಎಂದು ಬಂದರು. ಕೋಳಿ ಕೂಗುವುದಕ್ಕೆ ಇಬ್ಬರು ಹಿರಿಯರ ನಡುವೆ ಮುನಿಸೇ ಆಯಿತು. ಆದರೆ ಯೇಸುಸ್ವಾಮಿಯ ಮಾತು ಹೇಳಿ ಎಂದರೆ ಒಬ್ಬರೂ ಒಪ್ಪಲಿಲ್ಲ. "ಸಿಗರೇಟು ಸೇದುವ ಬಾಯಿ ಅಕ್ಕ, ಬೇಡ" ಎಂದರು ಒಬ್ಬರು. ಇನ್ನೊಬ್ಬರು ನಿನ್ನೆಯಷ್ಟೇ ಹೆಂಡತಿಗೆ ಬೈದಿದ್ದರಂತೆ. ಹೀಗಾಗಿ ನಮ್ಮ ಪಾಠಗಳಲ್ಲಿ ಊರೆಲ್ಲ ಮಾತಾಡುತ್ತಿತ್ತು, ಸ್ವಾಮಿಯ ಮಾತು ಮಾತ್ರ ಚಿತ್ರದ ಕೆಳಗೆ ಅಕ್ಷರದಲ್ಲಿ ಬರುತ್ತಿತ್ತು.

ಆದರೆ ಸತ್ತ ಹುಡುಗಿಯನ್ನು ಸ್ವಾಮಿ ಕೈಹಿಡಿದು ಎಬ್ಬಿಸುವ ಕಥೆಗೆ ಅಕ್ಷರ ಸಾಲುವುದಿಲ್ಲ ಎಂದು ನನಗೆ ಹಟ ಬಂತು. ಸಿತ್ರಾದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದಲ್ಲಿದ್ದ, ಉಡುಪಿ ಕಡೆಯ ಒಬ್ಬರನ್ನು ಹಿಡಿದೆ. ಕರೆದಲ್ಲಿಗೆ ಬರುವ, ಇಲ್ಲ ಎನ್ನಲು ಬಾರದ ಮನುಷ್ಯ. ಜುಫೈರಿನ ನಮ್ಮ ಫ್ಲಾಟಿನ ಮಲಗುವ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿ, ಗುಂಯ್ ಎನ್ನುವುದು ಕೇಳಬಾರದೆಂದು ಜುಲೈ ತಿಂಗಳ ಮಧ್ಯಾಹ್ನ ಎ.ಸಿ. ನಿಲ್ಲಿಸಿ ಅವರನ್ನು ಕೂರಿಸಿದೆ. ಬೆವರು ಒರೆಸಿಕೊಂಡು ಅವರು ಎದೆ ಉಬ್ಬಿಸಿ, "ಮಗಳೇ, ಏಳು" ಎಂದು ಗುಡುಗಿದರು.

"ಹೀಗೆ ಕೂಗಿದರೆ ಆ ಹುಡುಗಿ ಹೆದರಿ ಇನ್ನೊಮ್ಮೆ ಸಾಯ್ತಾಳೆ ಮಾರಾಯ್ರೆ" ಎಂದೆ. "ನಿಮ್ಮ ಮಗಳನ್ನು ಹೇಗೆ ಎಬ್ಬಿಸ್ತೀರಿ?"

ಅವರಿಗೆ ನಾಚಿಕೆಯಾಯಿತು. ಕಂಪನಿಯ ಬಸ್ಸು ಹತ್ತುವ ಮೊದಲು ಅವರು ಮಗಳನ್ನು ಒಮ್ಮೆ ಎಬ್ಬಿಸಿ ಮುಖ ನೋಡಿ ಹೋಗುತ್ತಿದ್ದರಂತೆ. ಅವಳು ಮತ್ತೆ ಮಲಗುತ್ತಿದ್ದಳಂತೆ. ಈ ಸಲ ಅವರು ಮೈಕಿನ ಹತ್ತಿರ ಬಗ್ಗಿ ಸಣ್ಣಗೆ ಹೇಳಿದರು: "ಏಳು ಮಗಾ, ಬೆಳಗಾಯ್ತು."

ಬೆಳಗಾಯ್ತು ಎನ್ನುವುದು ನಾನು ಬರೆದುಕೊಟ್ಟದ್ದರಲ್ಲಿ ಇರಲಿಲ್ಲ. ಹಾಗೇ ಇಟ್ಟುಕೊಂಡೆ. ಮಕ್ಕಳಿಗೆ ಅದು ಎಷ್ಟು ಹಿಡಿಸಿತೆಂದರೆ, ಕ್ಲಾಸಿನಲ್ಲಿ ಯಾರಾದರೂ ತೂಕಡಿಸಿದರೆ ಉಳಿದವರು ಅದೇ ರಾಗದಲ್ಲಿ ಎಬ್ಬಿಸುತ್ತಿದ್ದರು.

ಎರಡು ವರ್ಷದ ಮೇಲೆ ಅವರು ಶಿಫ್ಟಿಗೆ ಹೋಗುವ ಬಸ್ಸಿನಲ್ಲಿ ಸೀಟಿಗೆ ಒರಗಿದವರು ಹಾಗೇ ತೀರಿಕೊಂಡರು. ಜೊತೆಯವರು ನಿದ್ದೆ ಎಂದುಕೊಂಡಿದ್ದರು. ಕಾರ್ಖಾನೆಯ ಗೇಟಿನಲ್ಲಿ ಡ್ರೈವರ್ ಭುಜ ಹಿಡಿದು ಎಬ್ಬಿಸಲು ಹೋದಾಗಲೇ ಗೊತ್ತಾದದ್ದು. ಹೆಂಡತಿ ಇಲ್ಲಿಯೇ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಮಗಳನ್ನು ಕಟ್ಟಿಕೊಂಡು ಇಲ್ಲಿಯೇ ಉಳಿದರು. ಹುಡುಗಿ ಆಗ ನಮ್ಮಲ್ಲಿ ತೀರ ಚಿಕ್ಕವರ ಕ್ಲಾಸಿನಲ್ಲಿದ್ದಳು.

ಆಮೇಲೆ ಆ ಪಾಠ ನನ್ನನ್ನು ಕಾಡಲು ಶುರುವಾಯಿತು. ಗುರುವಾರ ಸಂಜೆ ಕ್ಲಾಸು ನಡೆಯುವ ಚರ್ಚ್ ಹಾಲ್‌ನಲ್ಲಿ ಒಬ್ಬಳೇ ಕೂತು ಚಿತ್ರ ಮತ್ತು ದನಿ ಸರಿ ಕೂಡುತ್ತವೆಯೇ ಎಂದು ನೋಡುವುದು ನನ್ನ ಅಭ್ಯಾಸ. ಒಂಬತ್ತನೇ ಚಿತ್ರ ಬರುತ್ತಿತ್ತು. ಹಾಸಿಗೆಯ ಮೇಲೆ ಹುಡುಗಿ, ಬಾಗಿದ ಸ್ವಾಮಿ. "ಏಳು ಮಗಾ, ಬೆಳಗಾಯ್ತು." ದನಿ ನನ್ನ ಬೆನ್ನ ಹಿಂದಿನ ಸ್ಪೀಕರಿನಿಂದ ಬರುತ್ತಿತ್ತು. ನಾನು ಕುರ್ಚಿಯಿಂದ ಎದ್ದು ನಿಂತುಬಿಡುತ್ತಿದ್ದೆ. ಒಂದು ಸಲವಲ್ಲ, ಪ್ರತಿ ಸಲ. ಹೊರಗಡೆ ಇನ್ನೂ ಬೆಳಕಿರುತ್ತಿತ್ತು, ಪಾರ್ಕಿಂಗಿನಲ್ಲಿ ಯಾರೋ ಕಾರು ತಿರುಗಿಸುತ್ತಿರುತ್ತಿದ್ದರು. ಆದರೂ ತಿರುಗಿ ನೋಡಲು ಭಯವಾಗುತ್ತಿತ್ತು, ಯಾಕೆಂದರೆ ಆ ದನಿ ಅವರು ಬದುಕಿದ್ದಾಗಿನದಕ್ಕಿಂತ ಹತ್ತಿರದಿಂದ ಕೇಳುತ್ತಿತ್ತು.

ಹುಡುಗಿ ಮೂರನೇ ಕ್ಲಾಸಿಗೆ ಬರುವ ವರ್ಷ ನಾನು ತೀರ್ಮಾನಿಸಿಬಿಟ್ಟೆ. ಮಗು ಇದನ್ನು ಕೇಳಬಾರದು, ಎದೆ ಒಡೆದೀತು ಎಂದು ನನಗೆ ನಾನೇ ಹೇಳಿಕೊಂಡೆ. ಯಾರನ್ನೂ ಕೇಳಲಿಲ್ಲ. ಗಂಡನನ್ನು ಅದೇ ಕೋಣೆಯಲ್ಲಿ ಕೂರಿಸಿ, ನನ್ನ ಬರಹದಲ್ಲಿ ಇದ್ದಂತೆಯೇ "ಮಗಳೇ, ಏಳು" ಎಂದು ಹೇಳಿಸಿದೆ. ಬೇರೆ ಹೊತ್ತಿನಲ್ಲಾದರೆ ಅವರೂ ಒಲ್ಲೆ ಎನ್ನುತ್ತಿದ್ದರು. ನನ್ನ ಮುಖ ನೋಡಿ ಒಪ್ಪಿದರು.

"ಹಳೆಯದನ್ನು ಎಲ್ಲಿಯಾದರೂ ತೆಗೆದಿಟ್ಟಿದ್ದಿ ಅಲ್ವ?" ಎಂದು ಕೇಳಿದರು.

"ಉಂಟು" ಎಂದೆ. ಅವರು ಅಡುಗೆಮನೆಗೆ ಹೋದ ಮೇಲೆ ಅಳಿಸಿದೆ. ಲ್ಯಾಪ್‌ಟಾಪಿನಿಂದ, ಚರ್ಚ್ ಹಾಲ್‌ನಲ್ಲಿಡುವ ಪೆನ್‌ಡ್ರೈವಿನಿಂದ, ನನ್ನ ಫೋನಿನಿಂದಲೂ. ಎಲ್ಲೋ ಉಳಿದರೆ ಇನ್ನೊಂದು ಗುರುವಾರ ನನ್ನ ಬೆನ್ನ ಹಿಂದೆ ಮಾತಾಡೀತು ಎಂಬ ಹೆದರಿಕೆ ನನಗಿತ್ತು. ಮಗುವಿನ ನೆಪ ಹೇಳಿ ನಾನು ಉಳಿಸಿಕೊಂಡದ್ದು ನನ್ನನ್ನೇ.

ಆ ಶುಕ್ರವಾರ ಹುಡುಗಿ ಎಲ್ಲರಿಗಿಂತ ಮೊದಲು ಬಂದಳು. ಕ್ರಿಸ್ಮಸ್ಸಿಗೆ ಹೊಲಿಸಿದ ಫ್ರಾಕು ಹಾಕಿದ್ದಳು. ಮುಂದಿನ ಬೆಂಚಿನಲ್ಲಿ, ಸ್ಪೀಕರಿನ ಪಕ್ಕದಲ್ಲೇ ಕೂತಳು. ತಾಯಿ ಯಾವತ್ತೂ ಕ್ಲಾಸಿನೊಳಗೆ ಬಂದವರಲ್ಲ. ಅಂದು ಹಿಂದಿನ ಸಾಲಿನಲ್ಲಿ ಕೂತು ಚೀಲದಿಂದ ಫೋನು ತೆಗೆದು ಕೈಯಲ್ಲಿ ಹಿಡಿದರು. ನನಗೆ ಆಗಲೂ ಹೊಳೆಯಲಿಲ್ಲ. ದೀಪ ಆರಿಸಿ ಪಾಠ ಶುರುಮಾಡಿದೆ.

ಎಂಟನೇ ಚಿತ್ರದಲ್ಲಿ ಮನೆಯವರೆಲ್ಲ ಅಳುತ್ತಿರುತ್ತಾರೆ. ಅದು ಬಂದಾಗ ಹುಡುಗಿ ಎರಡೂ ಕೈ ಡೆಸ್ಕಿನ ಮೇಲೆ ಮಡಚಿಟ್ಟು, ಅದರ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿದಳು. ಪಕ್ಕದ ಮಕ್ಕಳು ಮೊದಲೇ ಗೊತ್ತಿದ್ದವರ ಹಾಗೆ ಸುಮ್ಮನಿದ್ದರು. ಹಿಂದೆ ತಾಯಿಯ ಫೋನಿನಲ್ಲಿ ರೆಕಾರ್ಡಿಂಗಿನ ಕೆಂಪು ಚುಕ್ಕಿ ಹತ್ತಿತು. ಆಗ ನನಗೆ ಅರ್ಥವಾಯಿತು. ನಿಲ್ಲಿಸಬಹುದಿತ್ತು. ಬೆರಳು ಏಳಲಿಲ್ಲ.

"ಮಗಳೇ, ಏಳು" ಎಂದರು ನನ್ನ ಗಂಡ ಗೋಡೆಯ ಮೇಲಿಂದ.

ಚಿತ್ರದ ಹುಡುಗಿ ಎದ್ದಳು, ಊಟ ಮಾಡಿದಳು, ಮನೆಯವರು ನಕ್ಕರು, ಪಾಠ ಮುಗಿಯಿತು. ಬೆಂಚಿನ ಹುಡುಗಿ ತಲೆಯೆತ್ತಲಿಲ್ಲ. ದೀಪ ಹಾಕಿದೆ. ಉಳಿದ ಮಕ್ಕಳು ಜ್ಯೂಸು ಕುಡಿಯಲು ಹೊರಗೆ ಹೋದರು. ತಾಯಿ ಮುಂದೆ ಬಂದರು.

"ಅಕ್ಕ, ಇದು ಅವರ ಸ್ವರ ಅಲ್ಲ ಅಲ್ವ?"

"ಅಲ್ಲ."

"ಅವರದ್ದು ಎಲ್ಲಿ ಉಂಟು?"

"ಇಲ್ಲ. ನಾನು ಅಳಿಸಿದೆ."

ಅವರು ಬೈಯಲಿಲ್ಲ. ಫೋನಿನ ಕೆಂಪು ಚುಕ್ಕಿ ಆರಿಸಿದರು. "ಇದರಲ್ಲಿ ವಾಯ್ಸ್ ಮೆಸೇಜುಗಳಲ್ಲಿ ಅವರ ಸ್ವರ ಬೇಕಾದಷ್ಟು ಉಂಟು ಅಕ್ಕ" ಎಂದರು. "ಬಸ್ಸು ಬಂತು, ಬಾಗಿಲು ಹಾಕಿಕೋ, ಹಾಲು ತಾ. ಎಲ್ಲ ನನಗೇ ಹೇಳಿದ್ದು. ಇವಳ ಹತ್ತಿರ ಎದುರೆದುರೇ ಮಾತಾಡ್ತಿದ್ರು, ಹಾಗೆ ಇವಳಿಗೆ ಹೇಳಿದ್ದು ಒಂದೂ ಇಲ್ಲ. ಮೂರನೇ ಕ್ಲಾಸಿನಲ್ಲಿ ನಿನ್ನ ಪಪ್ಪ ನಿನ್ನನ್ನು ಎಬ್ಬಿಸ್ತಾರೆ ಅಂತ ದೊಡ್ಡ ಮಕ್ಕಳು ಹೇಳಿದ್ರಂತೆ. ಅವತ್ತಿಂದ ಕಾಯ್ತಾ ಇದ್ಳು. ಮೊದಲೇ ಬಂದು ಕೇಳ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ."

ಕ್ಷಮಿಸಿ ಎಂಬ ಮಾತು ಅಂದು ನನ್ನ ಬಾಯಿಗೆ ಬರಲಿಲ್ಲ. ಆಮೇಲೆ ಅವರ ಮನೆಗೆ ಹೋಗಿ ಹೇಳಿದ್ದೇನೆ, ಅದರಿಂದ ಏನೂ ಆಗಿಲ್ಲ. ನನ್ನ ಗಂಡನ ದನಿಯನ್ನೂ ತೆಗೆದುಬಿಟ್ಟೆ, ಒಂಬತ್ತನೇ ಚಿತ್ರ ಅಂದಿನಿಂದ ಹಾಗೇ ಖಾಲಿ.

ತಾಯಿ ಬಗ್ಗಿ ಮಗಳ ಬೆನ್ನ ಮೇಲೆ ಕೈಯಿಟ್ಟರು. "ಬಾ, ಮುಗೀತು. ಮನೆಗೆ ಹೋಗುವ."

ಹುಡುಗಿ ಕಣ್ಣು ತೆರೆಯಲಿಲ್ಲ. "ಸ್ವಲ್ಪ ಇರು ಮಮ್ಮಿ" ಎಂದಳು. "ಪಪ್ಪ ಇನ್ನೂ ಹೇಳ್ಲಿಲ್ಲ."