ಉತ್ತರಪತ್ರಿಕೆಗೊಂದು ದೃಷ್ಟಿಬೊಟ್ಟು

ಬೆಳಗಿನ ಐದು ಗಂಟೆ. ಚೆನ್ನೈನ ಕೀಲ್ಪಾಕಿನ ಸಸ್ಯಾಹಾರಿ ಹೋಟೆಲೊಂದರಲ್ಲಿ ಸುಗುಣಾ ಇಡ್ಲಿ ತಟ್ಟೆಗಳಿಗೆ ಹಿಟ್ಟು ಹೊಯ್ಯುತ್ತಿದ್ದಾರೆ. ದಿನಕ್ಕೆ ಎಂಟುನೂರು ಇಡ್ಲಿ, ಹನ್ನೊಂದು ವರ್ಷಗಳಿಂದ. ಹದ ತಪ್ಪಿದ್ದಿಲ್ಲ. ಇವತ್ತು ಮಾತ್ರ ಉಪ್ಪು ಹಾಕಿದ್ದೇ ಮರೆತು ಮತ್ತೆ ಉಪ್ಪಿನ ಡಬ್ಬಿಗೆ ಕೈ ಹಾಕಿದ್ದರು. ಗಂಡ ಜಯಪ್ರಕಾಶ್ ಕೈ ಹಿಡಿದು ತಡೆದರು. ಹತ್ತು ಗಂಟೆಗೆ ಮಗಳು ವೀಕ್ಷಾಳ ಪರೀಕ್ಷೆ.

ಒಂಬತ್ತು ವರ್ಷದ ವೀಕ್ಷಾ ಹತ್ತನೇ ತರಗತಿಯ ಲೆಕ್ಕ ಬಿಡಿಸುತ್ತಾಳೆ. ಮನೆಯಲ್ಲಿ ಕಲಿಸುವವರು ಯಾರೆಂದರೆ, ಬ್ರಹ್ಮಾವರದ ಕಡೆ ಏಳನೇ ತರಗತಿಗೇ ಶಾಲೆ ಬಿಟ್ಟ ಈ ಅಮ್ಮ! ಸಂಜೆ ಹೋಟೆಲಿನ ಹಿಂದಿನ ಒಂಟಿ ಕೋಣೆಯಲ್ಲಿ ಸುಗುಣಾ ನಾಳೆಯ ಬೀನ್ಸ್ ಹೆಚ್ಚುತ್ತಾರೆ. ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಮಾಡಿ, ಅಮ್ಮನಿಗೆ ಅರ್ಥವಾಗುವ ತನಕ ವಿವರಿಸಬೇಕು.

"ನನಗೆ ಎಂತ ಗೊತ್ತುಂಟು ಮಾರಾಯ್ರೆ? ಯಾಕೆ ಹಾಗೆ ಅಂತ ಕೇಳುದು ಮಾತ್ರ. ನನಗೆ ಹೇಳ್ತಾ ಹೇಳ್ತಾ ಅವಳ ತಪ್ಪು ಅವಳಿಗೇ ಸಿಕ್ತದೆ," ಎನ್ನುತ್ತಾರೆ ಸುಗುಣಾ.

ಹೆಮ್ಮೆಪಡಬೇಕಾದ ತಾಯಿ ಹೆದರುತ್ತಾರೆ. ನಾಲ್ಕು ವರ್ಷದ ಹಿಂದೆ, 1999ರಲ್ಲಿ, ಐದು ವರ್ಷದ ಮಗು ಹೋಟೆಲಿನಲ್ಲಿ ಗಿರಾಕಿಗಳು ಕೊಟ್ಟ ದೊಡ್ಡ ದೊಡ್ಡ ಸಂಖ್ಯೆಗಳನ್ನು ಬಾಯಲ್ಲೇ ಗುಣಿಸಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮರುದಿನವೇ ಜ್ವರ, ಹನ್ನೊಂದು ದಿನ ಆಸ್ಪತ್ರೆ. ಡಾಕ್ಟರು ಟೈಫಾಯ್ಡ್ ಎಂದರು, ಸುಗುಣಾ ಕಣ್ಣು ಬಿತ್ತು ಎಂದರು. ಅಂದಿನಿಂದ ಮನೆಯಲ್ಲೊಂದು ಕಟ್ಟಳೆ: ಪ್ರತಿ ಪರೀಕ್ಷೆಯಲ್ಲೂ ಒಂದು ಉತ್ತರವನ್ನು ಬೇಕೆಂದೇ ತಪ್ಪು ಬರೆಯಬೇಕು. ಮಗುವಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟ ಹಾಗೆ.

ಗುಟ್ಟು ರಟ್ಟಾದದ್ದು ಶಾಲೆಯ ಸುಮತಿ ಟೀಚರಿಂದ. ಕಷ್ಟದ ಲೆಕ್ಕವೆಲ್ಲ ಸರಿ ಮಾಡುವ ಹುಡುಗಿ ಪ್ರತಿಸಲ ಒಂದು ಸುಲಭದ ಕೂಡುವ ಲೆಕ್ಕದಲ್ಲೇ ಎಡವುವುದೇಕೆ ಎಂದು ಅವರು ಕೇಳಿದಾಗ ವೀಕ್ಷಾ ಇದ್ದದ್ದು ಇದ್ದಂತೆ ಹೇಳಿಬಿಟ್ಟಳು. ಟೀಚರು ಬೈಯಲಿಲ್ಲ. ನಗರದ ಗಣಿತ ಮೇಷ್ಟರುಗಳು ನಡೆಸುವ ಭಾನುವಾರದ ತರಗತಿಗೆ ಹತ್ತೇ ಮಕ್ಕಳನ್ನು ಆರಿಸುತ್ತಾರೆ, ಅದರ ಪ್ರವೇಶ ಪರೀಕ್ಷೆಯಲ್ಲಿ ಒಂದು ಉತ್ತರ ತಪ್ಪಿದರೂ ಸೀಟು ಹೋದೀತು ಎಂದಷ್ಟೇ ಹೇಳಿದರು. ಸುಗುಣಾಗೆ ಅತ್ತ ದರಿ, ಇತ್ತ ಪುಲಿ. ಸೀಟು ಹೋದರೆ ಮಗಳ ದಾರಿಗೆ ತಾನೇ ಅಡ್ಡ ನಿಂತಂತೆ. ಎಲ್ಲ ಸರಿ ಬರೆದರೆ? ಆ ಹನ್ನೊಂದು ದಿನಗಳು ನೆನಪಾಗುತ್ತವೆ.

ಆ ಪರೀಕ್ಷೆ ನಡೆಯುವ ಕಟ್ಟಡದ ಗೇಟಿನ ಮುಂದೆ ವೀಕ್ಷಾ ಅಮ್ಮನ ಸೆರಗು ಜಗ್ಗಿ ಮೆಲ್ಲಗೆ ತಮಿಳಿನಲ್ಲಿ ಕೇಳುತ್ತಾಳೆ, ಇವತ್ತೂ ಒಂದು ತಪ್ಪು ಬರೆಯಬೇಕಾ ಎಂದು. ಸುಗುಣಾ ಬ್ಯಾಗಿನಿಂದ ಕಾಡಿಗೆ ಡಬ್ಬಿ ತೆಗೆದು ಮಗಳ ಕಿವಿಯ ಹಿಂದೆ ಕಾಸಗಲದ ಬೊಟ್ಟು ಇಡುತ್ತಾರೆ.

"ಬೇಡ ಮಗಾ. ಬೊಟ್ಟು ಇಲ್ಲಿಟ್ಟಿದ್ದೇನೆ. ಎಲ್ಲ ಸರಿಯೇ ಬರಿ."

ಎರಡು ಗಂಟೆ ಗೇಟಿನ ಕಂಬಿ ಹಿಡಿದೇ ನಿಂತಿರುತ್ತಾರೆ. ಹೊರಬಂದ ವೀಕ್ಷಾ, "ಎಲ್ಲಾಮೇ ಕರೆಕ್ಟ್ ಅಮ್ಮಾ!" ಎಂದು ಕುಣಿಯುತ್ತಾಳೆ. ಶಭಾಷ್ ಎನ್ನಬೇಕಾದ ಕೈ ಮೊದಲು ಹೋಗುವುದು ಮಗಳ ಹಣೆಗೆ. ಅದು ತಣ್ಣಗಿದೆ. ಆದರೂ ಕೈ ತೆಗೆಯಲು ಧೈರ್ಯ ಸಾಲದು.

ಏನು ಆಸೆ ಎಂದು ಕೇಳಿದರೆ ಸುಗುಣಾ ಸೀಟಿನ ಮಾತೇ ಎತ್ತುವುದಿಲ್ಲ. "ಈ ವಾರ ಒಂದು ಜ್ವರ ಬಾರದಿದ್ರೆ ಸಾಕು ಮಾರಾಯ್ರೆ. ಮತ್ತೆ ಜನ್ಮದಲ್ಲಿ ತಪ್ಪು ಬರೀಲಿಕ್ಕೆ ಹೇಳುದಿಲ್ಲ ನಾನು."