ಒಂದೇ ಕೂ

ನಮ್ಮ ಕುಂದಾಪುರ ಕಡೆಯವರಿಗೆ ‘ಕೂ’ ಎಂದರೆ ಕೋಗಿಲೆಯ ಹಾಡಲ್ಲ. ಹೊಟ್ಟೆಯಿಂದ ಎಳೆದು, ಗದ್ದೆಯಾಚೆಗಿನ ಮನೆಗೂ ಮುಟ್ಟುವಂತೆ ಹಾಕುವ ಕೂಗು ಅದು. ದೀಪಾವಳಿಯಲ್ಲಿ ಗದ್ದೆಗೆ ದೀಪವಿಟ್ಟು ಬಲೀಂದ್ರನನ್ನು ಕರೆಯುವುದೂ ಕೂ ಹಾಕಿಯೇ. ಕೂಗು, ಕೂಗಳತೆ ಎಲ್ಲವೂ ಇದರಿಂದಲೇ ಹುಟ್ಟಿರಬೇಕೆಂದು ನನ್ನ ಊಹೆ. ಪಂಡಿತರು ಒಪ್ಪದಿದ್ದರೆ ಅವರನ್ನು ಒಂದು ದಿನ ನಮ್ಮ ಹಾಡಿಯೊಳಗೆ, ಅಂದರೆ ಮನೆ ಹಿಂದಿನ ಕುರುಚಲು ಕಾಡಿನಲ್ಲಿ, ಬಿಟ್ಟು ನೋಡಬೇಕು.

ಬೈಂದೂರಿನಿಂದ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಹಾಡಿಯೊಳಗೆ ಫೋನು ಸತ್ತಂತೆಯೇ, ಹಾಗಾಗಿ ಅಮ್ಮನಿಗೂ ನನಗೂ ಈಗಲೂ ಕೂ ಬೇಕಿತ್ತು. ಒಂದು ಕೂ ಎಂದರೆ ‘ಇದ್ದೀಯಾ?’ ಅಷ್ಟೆ. ತಿರುಗಿ ಒಂದು ಹಾಕಿದರೆ ಮಾತು ಮುಗಿಯಿತು. ಬೆನ್ನುಬೆನ್ನಿಗೆ ಎರಡು ಬಂದರೆ ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು.

ಆ ಭಾನುವಾರ ಮಧ್ಯಾಹ್ನ ಅಮ್ಮ ದನದ ಹಟ್ಟಿಗೆ ಹಾಸಲು ತರಗೆಲೆ ತರಲೆಂದು ಹೆಡಿಗೆ ಬುಟ್ಟಿ ಹಿಡಿದು ಹಾಡಿಗೆ ಹೋದಳು. ನಾನು ಜಗಲಿಯಲ್ಲಿ ಕ್ರಿಕೆಟ್ ನೋಡುತ್ತಿದ್ದೆ. ಒಂದು ಕೂ ಬಂತು. ಕೂತಲ್ಲಿಂದಲೇ ಒಂದು ಹಾಕಿದೆ. ಎರಡನೆಯದು ಬರಲಿಲ್ಲ. ನಾನು ಮತ್ತೆ ಫೋನಿಗೆ ಕಣ್ಣು ನೆಟ್ಟೆ.

ಚಾ ಹೊತ್ತಾದರೂ ಅವಳು ಬರಲಿಲ್ಲ. ಅಂಗಳಕ್ಕಿಳಿದು ಒಂದು ಕೂ ಹಾಕಿದೆ. ಸದ್ದಿಲ್ಲ. ಎರಡು ಹಾಕಿದೆ. ನನ್ನ ಸ್ವರವೇ ಗುಡ್ಡಕ್ಕೆ ಬಡಿದು ವಾಪಸು ಬಂತು. ಹುಟ್ಟಿದಂದಿನಿಂದ ನನ್ನ ಕೂಗಿಗೆ ಅಮ್ಮ ಓಗೊಡದೆ ಇದ್ದದ್ದಿಲ್ಲ. ಹಾವೋ, ಚಿರತೆಯೋ ಎಂದು ಮನಸ್ಸು ಬೇಡದ್ದನ್ನೆಲ್ಲ ಯೋಚಿಸುತ್ತಿತ್ತು. ಕೂ ಹಾಕುತ್ತಲೇ ಹಾಡಿಯ ಕಡೆ ಓಡಿದೆ. ಆಚೆಮನೆಯ ಅಣ್ಣಯ್ಯ ನನ್ನ ಮುಖ ನೋಡಿಯೇ ಕತ್ತಿ ಹಿಡಿದು ಹಿಂದೆ ಬಂದ.

ಹಾಡಿಯ ಅಂಚಿನಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಹೊಂಡವಿದೆ. ಹೊಂಡದ ಅಂಚು ಕಾಣದಂತೆ ತರಗೆಲೆ ಮುಚ್ಚಿತ್ತು. ಮೊದಲು ಹೆಡಿಗೆ ಕಂಡಿತು, ಆಮೇಲೆ ಕೆಳಗೆ ಅಮ್ಮನ ಸೀರೆ. ಅವಳು ಅಲುಗಾಡುತ್ತಿರಲಿಲ್ಲ. ನಾನು ಮೇಲೆಯೇ ನಿಂತುಬಿಟ್ಟೆ. ಇಳಿದು ಮುಟ್ಟಿ ನೋಡುವಷ್ಟು ಧೈರ್ಯ ನನಗಿರಲಿಲ್ಲ. ಅಣ್ಣಯ್ಯನೇ ಇಳಿದು, ಮೂಗಿನ ಹತ್ತಿರ ಕೈ ಹಿಡಿದು, ಉಸಿರಿದೆ ಎಂದ.

ಜೀಪಿನಲ್ಲಿ ಕುಂದಾಪುರಕ್ಕೆ ಸಾಗಿಸಿದೆವು. ಕಾಲು ಮುರಿದಿತ್ತು, ಪಕ್ಕೆಲುಬು ಎರಡು ಹೋಗಿದ್ದವು. ಅಂಥ ಪಕ್ಕೆಯಲ್ಲಿ ಒಂದು ಸಲ ಕೂಗಿದ್ದೇ ಹೆಚ್ಚು ಎಂದರು ಡಾಕ್ಟರು. ನನ್ನ ಉತ್ತರ ಅವಳಿಗೆ ಕೇಳಿಸದೇ ಇದ್ದಿರಲಿ ಎಂದು ಮೂರು ದಿನ ದೇವರಲ್ಲಿ ಬೇಡಿಕೊಂಡೆ.

ನಾಲ್ಕನೇ ದಿನ ಗಂಜಿ ಕುಡಿಸುವಾಗ ಅವಳೇ ಮಾತು ತೆಗೆದಳು. “ನೀ ಕೂ ಹಾಕಿದ್ದ್ ಕೇಂಡಿತ್ ಮಗಾ. ನನ್ನ ಸ್ವರದಲ್ಲೇ ನಿಂಗೆ ಗೊತ್ತಾತ್ತ್, ನೀ ಬತ್ತೆ ಅಂದೇಳಿ ಕಾದೆ.”

ಸ್ವರದಲ್ಲಿ ಏನೂ ಗೊತ್ತಾಗಲಿಲ್ಲ ಎಂದೆ. ಅವಳು ನಂಬಿದಳು. ಆದರೆ ಆ ಕೂ ನಡುವಿನಲ್ಲೇ ಮುರಿದದ್ದು ನನಗೆ ಆಗಲೇ ಕೇಳಿಸಿತ್ತು. ಓವರ್ ಮುಗಿಯಲಿ ಎಂದು ಕೂತಿದ್ದೆ.