ಇಂಗಿನ ವಾಸನೆಯ ಗೇರ್ ಎಣ್ಣೆ

ಕಳೆದ ಶನಿವಾರ ಅಮೆರಿಕಾದ ಐಸೆಲಿನ್‌ನ ಇಂಡಿಯನ್ ದಿನಸಿ ಅಂಗಡಿಯಲ್ಲಿ ಯಾರದೋ ಕೈಜಾರಿ ಇಂಗಿನ ಡಬ್ಬಿ ಬಿದ್ದು ಒಡೆಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸಾಮಾನು ತುಂಬಿದ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಪಾರ್ಕಿಂಗ್ ಲಾಟಿಗೆ ಓಡಿಬಂದೆ. ಹಿಂದೆಯೇ ಬಂದ ಹೆಂಡತಿ ಕಾರಿನ ಬಾಗಿಲು ತೆರೆದಳು. ಯಾಕೆಂದು ಅವಳಿಗೆ ಗೊತ್ತು.

ಬಿಸಿಯಾದ ಗೇರ್ ಎಣ್ಣೆಗೂ ಹೆಚ್ಚುಕಡಿಮೆ ಇದೇ ವಾಸನೆ. ಅದರಲ್ಲಿ ಗಂಧಕ ಬೆರೆತಿರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಗೇರ್ ವಿನ್ಯಾಸ ವಿಭಾಗದ ಹಿರಿಯರು, ಧಾರವಾಡದ ಕಡೆಯವರು, ಟೆಸ್ಟ್ ಶೆಡ್ಡಿನ ಬಾಗಿಲು ತೆರೆದು ಹೇಳಿದ್ದರು: “ವಾಸನಿ ನೋಡು ತಮ್ಮಾ. ಅಮೆರಿಕಾದವ್ರು ಎಣ್ಣಿಗೂ ಒಗ್ಗರಣಿ ಹಾಕ್ಯಾರ.” ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಅಂಕಲ್ ಎಂದೇ ಕರೆದೆ.

ಗೇರಿನ ಎರಡು ಹಲ್ಲುಗಳು ಮುಟ್ಟುವ ಜಾಗ ಸಣ್ಣ ಗೆರೆಯಷ್ಟೇ, ಇಡೀ ಭಾರ ಅದರ ಮೇಲೆ ಎಂದು ಕಾಲೇಜಿನಲ್ಲಿ ಓದಿದ್ದೆ. ಅಂಕಲ್ ಅದನ್ನು ಕಣ್ಣಿಗೆ ಕಾಣುವಂತೆ ತೋರಿಸಿದರು. ಹಲ್ಲುಗಳಿಗೆ ನೀಲಿ ಬಣ್ಣ ಬಳಿದು, ತಿರುಗಿಸಿ, ಬಣ್ಣ ಅಳಿಸಿಹೋದ ಕಡೆ ಬೆರಳಿಡುತ್ತಿದ್ದರು. “ಬಿರುಕು ಮ್ಯಾಲೆ ಹುಟ್ಟಂಗಿಲ್ಲ, ತೊಗಲಿನ ಕೆಳಗ ಹುಟ್ಟತದ. ಕಣ್ಣಿಗೆ ಬೀಳೂದ್ರಾಗ ತಡ ಆಗಿರತದ.”

ಒಂದು ಮಂಗಳವಾರ ದೊಡ್ಡ ಗೇರ್‌ಬಾಕ್ಸ್ ಒಂದರ ಟೆಸ್ಟ್ ನಡೆದಿತ್ತು. ಬೆಳಿಗ್ಗೆ ನಿಲ್ಲಿಸಿ ನೋಡಿದರೆ ಬಣ್ಣ ಹಲ್ಲಿನ ಒಂದೇ ಅಂಚಿನಲ್ಲಿ ಅಳಿಸಿಹೋಗಿತ್ತು. ಗೇರ್ ಹೊತ್ತ ಶಾಫ್ಟ್ ಬಾಗಿ, ಇಡೀ ಅಗಲಕ್ಕೆ ಹಂಚಿಹೋಗಬೇಕಾದ ಒತ್ತಡ ಆ ಅಂಚಿಗೆ ಬಿದ್ದಿತ್ತು. ಅಂಕಲ್ ಮ್ಯಾನೇಜರ್‌ಗೆ ಫೋನ್ ಮಾಡಿ ಟೆಸ್ಟ್ ನಿಲ್ಲಿಸಬೇಕೆಂದರು. ಲೆಕ್ಕದಲ್ಲಿ ಸೇಫ್ ಇದೆಯಲ್ಲ, ಶುಕ್ರವಾರದವರೆಗೆ ಓಡಿಸಿ ಎಂದು ಮ್ಯಾನೇಜರ್ ಹೇಳಿದರು.

“ಲೆಕ್ಕಾ ಮಾಡಿದಾಂವ ನಾನ. ತಪ್ಪ್ ಅದ ಅಂತ ನಾನ ಹೇಳಿದ್ರೂ ಕೇಳವಲ್ರು,” ಎಂದು ಅಂಕಲ್ ನಕ್ಕರು. ಯಂತ್ರ ಮತ್ತೆ ಓಡಿತು.

ಮಧ್ಯಾಹ್ನ ವಾಸನೆ ಕಟುವಾಯಿತು. ಸದ್ದು ಬದಲಾಯಿತು. ನಾವಿಬ್ಬರೂ ದಪ್ಪ ಗಾಜಿನ ಈಚೆ ಇದ್ದೆವು. ನಿಲ್ಲಿಸುವ ಗುಂಡಿ ಆಚೆ, ಯಂತ್ರದ ಪಕ್ಕದ ಗೋಡೆಯಲ್ಲಿತ್ತು. “ನೀ ಇಲ್ಲೇ ನಿಲ್ಲು,” ಎಂದು ಹೋದರು. ಗುಂಡಿ ಒತ್ತಿದರು. ಒತ್ತಿದ್ದನ್ನು ನಾನು ನೋಡಿದೆ. ನನ್ನ ಕಡೆ ತಿರುಗಿ ಕೈ ಎತ್ತಿದರು, ಮುಗೀತು ಎನ್ನುವ ಹಾಗೆ…

ಅಷ್ಟು ಭಾರದ ಚಕ್ರಗಳು ಗುಂಡಿ ಒತ್ತಿದ ಕೂಡಲೇ ನಿಲ್ಲುವುದಿಲ್ಲ. ನಿಧಾನವಾಗುತ್ತಾ ಇನ್ನೂ ತಿರುಗುತ್ತಿರುವಾಗಲೇ ಹಲ್ಲು ಮುರಿಯಿತು. ಮುರಿದ ತುಂಡು ಗೇರ್‌ಬಾಕ್ಸಿನ ಕವಚವನ್ನು ಸೀಳಿ ಅವರಿದ್ದ ಕಡೆಗೇ ಬಂತು. ಗಾಜಿನ ಮೇಲೆ ಎಣ್ಣೆ ಚಿಮ್ಮಿತು. ಎಣ್ಣೆ ಮಾತ್ರ ಎಂದುಕೊಂಡೆ…

ಅಂಕಲ್ ಉಳಿಯಲಿಲ್ಲ. ಎತ್ತಿದ ಆ ಕೈ ಮಾತ್ರ ಈಗಲೂ ದಿನವೂ ಕಾಣುತ್ತದೆ. ಪ್ರತಿ ಸಲವೂ ಅವರು ಸರಿಯಾದ ಹೊತ್ತಿಗೇ ಒತ್ತಿದರು ಅನಿಸುತ್ತದೆ. ಪ್ರತಿ ಸಲವೂ ಅದು ಸಾಲುವುದಿಲ್ಲ.

ನಮ್ಮ ಮನೆಯ ಸಾರಿನಲ್ಲಿ ಈಗ ಇಂಗಿಲ್ಲ. ನಿನ್ನೆ ಹೆಂಡತಿ ಬರೀ ಸಾಸಿವೆ ಹಾಕಿ ಒಲೆ ಆರಿಸಿದಳು. ಆರಿಸಿದ ಮೇಲೂ ಸೌಟಿನಲ್ಲಿ ಎಣ್ಣೆ ಸಿಡಿಯುತ್ತಲೇ ಇತ್ತು. ಅದು ತಣ್ಣಗಾಗುವವರೆಗೂ ನಾನು ಅಡುಗೆಮನೆಯ ಹೊಸ್ತಿಲಾಚೆ ನಿಂತಿದ್ದೆ. “ಸರಿ ಬನ್ನಿ, ನಿಂತೋಯ್ತು,” ಎಂದಳು. ಕಾಲು ಬರಲಿಲ್ಲ.